ನೂರರೊಳಗೆ

ವೀರಭದ್ರಮ್ಮನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದ ನರ್ಸ್ ವರದಾ ಮಶೀನು ನೋಡಿ ಲೊಚಗುಟ್ಟಿದಳು. ಎದೆಬಡಿತ ನೂರಾ ಹದಿನೆಂಟು. ನೂರರೊಳಗೆ ಬಾರದೆ ಕಣ್ಣಿನ ಪೊರೆ ತೆಗೆಯುವುದಿಲ್ಲವೆಂದು ಡಾಕ್ಟರು ಆಗಲೇ ಎರಡು ಸಲ ವಾಪಸು ಕಳಿಸಿದ್ದರು. ಈ ಸಲವೂ ಕಳಿಸಿದರೆ ಬಳ್ಳಾರಿ ಕಡೆ ತಲೆ ಹಾಕಿ ಮಲಗುವುದೂ ಇಲ್ಲವೆಂದು ಮುದುಕಿ ದೇಶನೂರಿನಲ್ಲಿ ಬಸ್ಸು ಹತ್ತುವಾಗಲೇ ಹೇಳಿದ್ದಳು. ಹೋದ ವಾರ ಹಿತ್ತಿಲ ಮೆಟ್ಟಿಲು ಕಾಣದೆ ಬಿದ್ದ ಗಾಯ ಮೊಣಕಾಲ ಮೇಲೆ ಇನ್ನೂ ಹಸಿಯಾಗಿತ್ತು. ಇನ್ನೊಮ್ಮೆ ಬಿದ್ದರೆ ಗತಿಯೇನೆಂದು ಸೊಸೆ ಸುನಂದಾಳಿಗೆ ಭಯ.

ಹಾಗೆಂದು ಆ ಎದೆಗೆ ರೋಗವೇನೂ ಇರಲಿಲ್ಲ. ಇಸಿಜಿ, ಎಕೋ, ಥೈರಾಯ್ಡು ಎಲ್ಲ ನೋಡಿ, ಇದು ಇವರ ಹುಟ್ಟುಗುಣವೆಂದು ಹೃದಯದ ಡಾಕ್ಟರು ಕೈಚೆಲ್ಲಿದ್ದರು. ವೀರಭದ್ರಮ್ಮನಿಗೆ ಅದೂ ಒಂದು ಹೆಮ್ಮೆ. ಎಪ್ಪತ್ತು ವರ್ಷ ಕೂತಲ್ಲಿ ಕೂರದೆ ದುಡಿದ ಎದೆ ಇದು, ಸೊಸೆಯ ಎದೆಯ ಹಾಗೆ ತೂಕಡಿಸುವಂಥದ್ದಲ್ಲ ಎನ್ನುತ್ತಿದ್ದಳು.

ಕಣ್ಣು ಮುಚ್ಚಿ ನಿಧಾನ ಉಸಿರಾಡಿ ಎಂದಳು ವರದಾ. ನೂರಾ ಇಪ್ಪತ್ತೊಂದು. ಶಿವನಾಮ ಹೇಳಿಸಿದಳು. ನೂರಾ ಇಪ್ಪತ್ತನಾಲ್ಕು. ಅಷ್ಟರಲ್ಲಿ ಸುನಂದಾ ಕೈಜಾರಿ ನೀರಿನ ಬಾಟಲಿ ಕೆಡವಿದಳು. ಮುದುಕಿ ಶುರುಹಚ್ಚಿದಳು ನೋಡಿ, ಬಾಟಲಿಯಿಂದ ಹಿಡಿದು ಹೋದ ವರ್ಷ ಒಡೆದ ಉಪ್ಪಿನಕಾಯಿ ಜಾಡಿಯವರೆಗೂ ಬೈದು ನಿಲ್ಲಿಸುವಷ್ಟರಲ್ಲಿ ಮಶೀನು ನೂರಾ ಹತ್ತಕ್ಕೆ ಬಂದಿತ್ತು.

"ಅಕ್ಕಾರೇ, ಇನ್ನಷ್ಟು ಬೈಸಿಕೊಳ್ರಿ," ವರದಾ ಪಿಸುಗುಟ್ಟಿದಳು. "ಇಳಿಯಾಕತ್ತೈತಿ."

ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸವೇ ಅದು. ಸುನಂದಾ ತನ್ನ ತಪ್ಪುಗಳನ್ನು ತಾನೇ ಒಂದೊಂದಾಗಿ ಮುಂದಿಟ್ಟಳು. ಹಾಲು ಉಕ್ಕಿಸಿದ್ದು, ಮಂಡಕ್ಕಿ ಒಗ್ಗರಣೆಗೆ ಎರಡೆರಡು ಸಲ ಉಪ್ಪು ಹಾಕಿದ್ದು, ಕುರುಗೋಡಿನ ನಾದಿನಿಯ ಫೋನು ಬೇಕೆಂದೇ ಎತ್ತದೆ ಬಿಟ್ಟದ್ದು. ಅತ್ತೆ ಒಂದನ್ನೂ ಸುಮ್ಮನೆ ಬಿಡಲಿಲ್ಲ. ನೂರಾ ಆರು. ನೂರಾ ಮೂರು. ನೂರಾ ಒಂದಕ್ಕೆ ಬಂದು ನಿಂತುಬಿಟ್ಟಿತು. ಹೇಳಿಕೊಳ್ಳುವಂಥ ತಪ್ಪುಗಳೂ ಮುಗಿದವು. ಇನ್ನೂ ಎಷ್ಟು ಹೊತ್ತೆಂದು ಡಾಕ್ಟರು ಒಳಗಿನಿಂದ ಕೇಳಿದರು.

ಹೇಳಿಕೊಳ್ಳಲಾಗದ್ದು ಒಂದಿತ್ತು. ಆ ಮನೆಯಲ್ಲಿ ಸುನಂದಾಳಿಗೆ ಸಿಕ್ಕ ಹೊಗಳಿಕೆ ಒಂದೇ ಒಂದು. ಶೇಂಗಾ ಹೋಳಿಗೆ ಅಂದರೆ ನನ್ನ ಸೊಸೆಯದೇ ಎಂದು ಅತ್ತೆ ಬೀಗರೆದುರು, ಊರವರೆದುರು ಹೇಳಿಕೊಂಡು ತಿರುಗುತ್ತಿದ್ದಳು. ಆ ಒಂದು ಮಾತಿನ ಮೇಲೆ ಸುನಂದಾ ಉಳಿದದ್ದನ್ನೆಲ್ಲ ನುಂಗಿಕೊಂಡಿದ್ದಳು. ಅದನ್ನೂ ಬಿಟ್ಟುಕೊಡಬೇಕೆಂದರೆ ಸಂಕಟವಾಯಿತು. ಆದರೆ ಮುದುಕಿಯ ಮೊಣಕಾಲು ಕಣ್ಣೆದುರೇ ಇತ್ತು.

"ಅತ್ತೀ, ಆ ಹೋಳಿಗಿ ನಾ ಮಾಡಿದ್ದಲ್ಲರಿ. ಬಳ್ಳಾರಿ ಗಾಂಧಿನಗರದ ಅಂಗಡಿಯಿಂದ ತರಿಸಿ, ಹಂಚಿನ ಮ್ಯಾಲ ಬಿಸಿ ಮಾಡಿ ಕೊಡ್ತಿದ್ದೆ."

ವೀರಭದ್ರಮ್ಮ ಬೈಯಲಿಲ್ಲ. ಸುನಂದಾ ಹೆದರಿ ಮಶೀನು ನೋಡಿದಳು. ತೊಂಬತ್ತಾರು. ವರದಾ ತಡಮಾಡದೆ ಗಾಲಿಮಂಚ ತಳ್ಳಿದಳು. ಬಾಗಿಲ ಹತ್ತಿರ ಮುದುಕಿ ಹಸಿರು ಟೊಪ್ಪಿಗೆಯ ತಲೆಯನ್ನು ಸೊಸೆಯ ಕಡೆ ಹೊರಳಿಸಿದಳು.

"ಮೊದಲನೇ ತುತ್ತಿಗೇ ಗೊತ್ತಾಗಿತ್ತವ್ವಾ ನನಗ. ಮನಿ ಸೊಸಿನ ನಾಕು ಮಂದಿ ಮುಂದ ಒಂದಕ್ಕಾದ್ರೂ ಹೊಗಳಬೇಕಲ್ಲ. ಮತ್ಯಾವುದನ್ನ ಹೊಗಳಲಿ, ನಿನ್ನ ಸಾರನ್ನೇನು?"