ಖಾಲಿ ಅಲೆ

“ನಾಳೆಯಿಂದ ಹುಡುಕಾಟ ಇಲ್ಲ. ದೇವರ ಮೇಲೆ ಭಾರ ಹಾಕಿ ಮನೆಗೆ ಹೋಗಮ್ಮ,” ಎಂದ ಉಪಗ್ರಹ ಕೇಂದ್ರದ ಅಧಿಕಾರಿ. ಮೀನಿನ ದೋಣಿ ಕಡಲಲ್ಲಿ ಕಾಣೆಯಾಗಿ ಆರು ದಿನಗಳಾಗಿದ್ದವು.

“ಭಾರ ಹಾಕಿಯೇ ಇಲ್ಲಿಗೆ ಬಂದದ್ದು,” ಎಂದಳು ದೋಣಿಯವನ ಹೆಂಡತಿ. “ಅವ್ರ ರೇಡಿಯೋದ ಅಲೆ ಬತ್ತಾ ಇತ್ತ್ ಅಂದ್ರಲ್ಲ?”

ಇವಳಿಗೆ ಹೇಗೆ ತಿಳಿಸುವುದೆಂದು ಅವನಿಗೆ ರೇಗಿತು. “ರೇಡಿಯೋದ ಅಲೆ ದೋಣಿ ಇದ್ದ ಹಾಗೆ, ಅದು ಹೊತ್ತು ತರುವ ಮಾತು ಮೀನಿನ ಹಾಗೆ. ದನಿಗೆ ತಕ್ಕ ಹಾಗೆ ಅಲೆ ಏರಿಳಿದರೆ ಮಾತು ತುಂಬಿದೆ ಅಂತ ಅರ್ಥ. ಈ ದೋಣಿ ಖಾಲಿ ಬರ್ತಿದೆ, ಮಾತೇ ಇಲ್ಲ.”

“ಖಾಲಿ ದೋಣಿಗೂ ಹುಟ್ಟು ಹಾಕುಕೆ ಜನ ಬೇಕು ಸ್ವಾಮಿ.”

“ಜನ ಇಲ್ಲಮ್ಮ! ಒತ್ತಿದಾಗ ಅಲೆ ಕಳಿಸುವ ರೇಡಿಯೋದ ಗುಂಡಿ ಕೆಟ್ಟು, ತಾನಾಗಿಯೇ ಅಲೆ ಕಡಿದು ಕಡಿದು ಬರ್ತಿದೆ. ಹಾಗಂತ ವರದಿ ಬರೆದಾಗಿದೆ.”

“ಹ್ಯಾಂಗೆ ಕಡೀತಾ ಇತ್ತ್? ಬಡ್ದ್ ತೋರ್ಸಿ.”

ಇವಳು ತೊಲಗಿದರೆ ಸಾಕೆಂದು ಅವನು ಬೆರಳಿನಿಂದ ಮೇಜು ಕುಟ್ಟಿದ. ಎರಡು ಪೆಟ್ಟು ನಿಧಾನ, ಮೂರು ಪೆಟ್ಟು ಚುರುಕು. ಮತ್ತೆ ಎರಡು, ಮತ್ತೆ ಮೂರು.

“ಆ ವರದಿ ಹರೀರಿ,” ಎಂದಳು ಅವಳು. “ಮೀನನ್ನ ಬಲೆಗೆ ಅಟ್ಟುಕೆ ನನ್ ಗಂಡ ದೋಣಿ ಬಡಿಯುದೇ ಹೀಂಗೆ.”