ತೆಯೋಫಿಲಾ ಕೂತು ಕೇಳಿದ ಪದ್ಯ

ಯಾರ್ಲೆನಿ ಮೈಕಿನ ಮುಂದೆ ನಿಂತು ತನ್ನ ಮೊದಲ ಪುಸ್ತಕದಿಂದ ಪದ್ಯ ಓದುತ್ತಿದ್ದಾಗಲೇ ಅವಳ ತಾಯಿ ತೆಯೋಫಿಲಾ ಮುಂದಿನ ಸಾಲಿನಿಂದೆದ್ದು, ಜನ ಕುಡಿದಿಟ್ಟ ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸತೊಡಗಿದಳು. ಕಿಬ್ದೋ ಊರಿನ ಕಪ್ಪು ಮಹಿಳೆಯರ ಸಂಘದ ಕೋಣೆ ತುಂಬಿ ಹೋಗಿತ್ತು. ಪದ್ಯ ತಾಯಿಯ ಕುರಿತದ್ದೇ: ಮೆಡೆಲಿನ್ ನಗರದ ಬಿಳಿಯರ ಮನೆಯಲ್ಲಿ ಬೇಯಿಸಿ ಬಡಿಸಿ, ಒಲೆಯ ಪಕ್ಕ ನಿಂತೇ ಉಂಡು ಸವೆಸಿದ ಅವಳ ಆಯಸ್ಸಿನದು.

"ಅಮ್ಮಾ, ಅದನ್ನ ಬಿಡು. ಬಂದು ಕೂತ್ಕೋ."

"ನೀನು ಓದಮ್ಮ. ಇದೊಂದಿಷ್ಟು ತೊಳೆದಿಟ್ಟು ಬಂದೆ."

ಒಂದಿಬ್ಬರು ನಕ್ಕರು. ಯಾರ್ಲೆನಿ ಪುಸ್ತಕವನ್ನು ಮಡಚಿಟ್ಟು ಕೆಳಗಿಳಿದು ಬಂದಳು. ತಾಯಿಯ ಕೈಯಿಂದ ತಟ್ಟೆ ಕಿತ್ತುಕೊಳ್ಳದೆ, ಪಕ್ಕದ ಸಾಲಿನ ಲೋಟಗಳನ್ನು ತಾನೂ ಎತ್ತತೊಡಗಿದಳು. ಅದನ್ನು ಕಂಡು ಸಂಘದ ಅಧ್ಯಕ್ಷೆ ಎನೆಯ್ದಾ ತನ್ನ ಲೋಟ ಹಿಡಿದು ಎದ್ದಳು. ನೋಡುನೋಡುತ್ತ ಸಭೆಗೆ ಸಭೆಯೇ ಎದ್ದು ಹಿತ್ತಿಲ ನಲ್ಲಿಯ ಮುಂದೆ ಸಾಲುಗಟ್ಟಿತು.

"ಅಯ್ಯೋ, ಕೊಡ್ರೇ, ನಾನು ತೊಳೀತೀನಿ" ಎಂದು ತೆಯೋಫಿಲಾ ಒದ್ದಾಡಿದಳು.

"ನೀವು ತೊಳೆದದ್ದು ಸಾಕಕ್ಕ" ಎಂದಳು ಎನೆಯ್ದಾ, ಸೋಪು ಕೊಡದೆ. "ನಿಮ್ಮ ಮೇಲಿನ ಪದ್ಯ ನೀವೇ ಕೇಳದಿದ್ರೆ ನಾವು ಕೇಳಿ ಏನು ಮಾಡೋಣ? ನಡೀರಿ."

ತೆಯೋಫಿಲಾ ಲಂಗಕ್ಕೆ ಕೈ ಒರೆಸಿಕೊಂಡು ಒಳಗೆ ಬಂದಳು. ಯಾರಾದರೂ ಕರೆದರೆ ತಕ್ಷಣ ಏಳಲು ಸಿದ್ಧಳಾದಂತೆ ಕುರ್ಚಿಯ ತುದಿಯಲ್ಲಿ ಕೂತಳು. ಯಾರೂ ಕರೆಯಲಿಲ್ಲ. ಹೆಂಗಸರೆಲ್ಲ ಒದ್ದೆ ಕೈಗಳಲ್ಲೇ ಬಂದು ಕೂತರು. ಯಾರ್ಲೆನಿ ಮತ್ತೆ ಮೈಕಿನ ಮುಂದೆ ನಿಂತಾಗ ತೆಯೋಫಿಲಾ ಮೆಲ್ಲನೆ ಹಿಂದಕ್ಕೆ ಸರಿದು, ಕುರ್ಚಿಗೆ ಪೂರ್ತಿ ಬೆನ್ನು ಒರಗಿಸಿದಳು.

"ನಿಧಾನಕ್ಕೆ ಓದು, ಮಗಳೇ" ಎಂದಳು. "ನನಗೇನೂ ಅವಸರ ಇಲ್ಲ."