ಹಿಂದಿನ ಸೀಟು

ಕೆಂಪು ಬೈಕಿನ ಹಿಂದಿನ ಸೀಟಿಗೆ ಸೀಟ್ ಮೇಷ್ಟ್ರು ಹತ್ತುವಾಗ ಷೋರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅರವತ್ತು ದಾಟಿದವರು, ಕಾಲನ್ನು ಅಷ್ಟೆತ್ತರಕ್ಕೆ ಎತ್ತಿ, ಮುಂದೆ ಹ್ಯಾಂಡಲ್ ಹಿಡಿದು ಕೂತ ಹೆಂಡತಿಯ ಹೆಗಲಿಗೆ ಜೋತುಬಿದ್ದು, ಅಂತೂ ಇಂತೂ ಕೂತರು. ಹೆಂಡತಿ ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿ ಹೋದ ತಿಂಗಳಷ್ಟೇ ನಿವೃತ್ತಳಾದವಳು. ಗಂಡನ ಭಾರ ಹೆಗಲಿಗೆ ಬಿದ್ದರೂ ಬೈಕು ಒಂದಿಷ್ಟೂ ಅಲುಗಾಡದಂತೆ ಹಿಡಿದಿದ್ದಳು.

"ಮೇಡಂ, ಹೆಲ್ಮೆಟ್ ಒಳಗೆ ಮೈಕ್ ಕೂರಿಸಿ ಕೊಡ್ತೀವಿ," ಎಂದ ಟೈ ಕಟ್ಟಿದ ಮಾರಾಟಗಾರ. "ಓಡಿಸ್ತಾನೇ ಹಿಂದೆ ಕೂತವರ ಹತ್ರ ಮಾತಾಡಬಹುದು."

"ಅಯ್ಯೋ ಬೇಡಪ್ಪ. ಗಾಳಿ ಸದ್ದಲ್ಲಾದ್ರೂ ಇವರ ಮಾತು ಕೇಳಿಸದೆ ಇರಲಿ."

ಅವಳಿಗೆ ಬೇಕಿದ್ದದ್ದು ಒಂದೇ. ರಸ್ತೆ ಮುಗಿಯುವ ಕಡೆ, ಸಮುದ್ರದ ಅಂಚಿನಲ್ಲಿ ಒಂದು ದೀಪಸ್ತಂಭವಿದೆ. ಹೋಗಲು ಐದು ದಿನ, ಬರಲು ಐದು ದಿನ. ಇಷ್ಟು ವರ್ಷ ಅವಳು ಜೋರಾಗಿ ಓಡಿಸಿದ್ದೆಲ್ಲ ಹಿಂದೆ ಮಲಗಿದವರ ನೋವಿನ ಸಲುವಾಗಿ. ಒಂದು ಸಲವಾದರೂ, ಹಿಂದೆ ಯಾರೂ ನರಳದ ದಾರಿಯಲ್ಲಿ ಗಂಡನನ್ನು ಕೂರಿಸಿಕೊಂಡು ಹೋಗಬೇಕು. ಮನೆಯಲ್ಲಿ ಮಾತಾಡಿಕೊಂಡು ಬಂದದ್ದು ಸೋಫಾದಂಥ ಸೀಟಿರುವ ಬೂದು ಬಣ್ಣದ ಬೈಕಿಗೆ. ಆದರೆ ಬಾಗಿಲಲ್ಲೇ ಈ ಕೆಂಪು ಸ್ಪೋರ್ಟ್ ಬೈಕ್ ಕಣ್ಣಿಗೆ ಬಿತ್ತು. ಮುಂದಕ್ಕೆ ಬಾಗಿ ಹ್ಯಾಂಡಲ್ ಹಿಡಿದಾಗ ಮೂವತ್ತು ವರ್ಷ ಮೈಮೇಲಿಂದ ಇಳಿದುಹೋದ ಹಾಗಾಯಿತು. ಮೇಷ್ಟ್ರು ಅವಳ ಮುಖ ನೋಡಿದವರೇ ಬಂದು ಹಿಂದೆ ಹತ್ತಿದ್ದರು.

ಬೈಕಿನ ಸೀಟು ಹೊಲಿಯುವುದರಲ್ಲಿ ಮೇಷ್ಟ್ರದು ನಲವತ್ತು ವರ್ಷ ಪಳಗಿದ ಕೈ. ಊರವರು ಅವರನ್ನು ಸೀಟ್ ಮೇಷ್ಟ್ರು ಎನ್ನುವುದು ಅದಕ್ಕೇ. ಗಿರಾಕಿಯನ್ನು ಅರ್ಧ ಗಂಟೆ ಬೈಕಿನ ಮೇಲೆ ಸುಮ್ಮನೆ ಕೂರಿಸದೆ ಕತ್ತರಿ ಮುಟ್ಟಿದವರಲ್ಲ. "ಐದು ನಿಮಿಷಕ್ಕೆ ಎಲ್ಲ ಸೀಟೂ ಒಳ್ಳೇದೇ. ಅರ್ಧ ಗಂಟೆ ಆದ್ಮೇಲೆ ನಿಜ ಹೇಳುತ್ತೆ" ಎನ್ನುವುದು ಅವರ ಮಾತು. ಇವತ್ತು ಆ ಪರೀಕ್ಷೆ ಅವರ ಸೊಂಟಕ್ಕೇ ಬಂದಿತ್ತು. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಸವೆದ ಸೊಂಟ ಬೇರೆ. ಮೇಷ್ಟ್ರು ಷೋರೂಮಿನ ಕುರ್ಚಿಯ ಹೊಲಿಗೆ ಸರಿಯಿಲ್ಲ ಎಂದರು, ಫ್ಯಾನು ಕಿರುಗುಟ್ಟುತ್ತಿದೆ ಎಂದರು, ಮಾರಾಟಗಾರನ ಟೈ ಸೊಟ್ಟಗಿದೆ ಎಂದು ಅವನಿಗೇ ಕೇಳಿಸುವಂತೆ ಹೇಳಿದರು. ಕಾಲು ಗಂಟೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಮಾತು ನಿಂತಿತು.

ಅವಳ ಬೆನ್ನು ನೆಟ್ಟಗಾಯಿತು. ಆಂಬುಲೆನ್ಸಿನಲ್ಲಿ ಅವಳು ಕೂಗಾಡುವವರಿಗೆ ಎಂದೂ ಹೆದರಿದವಳಲ್ಲ. ಸುಮ್ಮನಾದವರಿಗೆ ಹೆದರುತ್ತಿದ್ದಳು. ಹಿಂದೆ ಸದ್ದಡಗಿತೆಂದರೆ ಇನ್ನಷ್ಟು ಜೋರಾಗಿ ಓಡಿಸುತ್ತಿದ್ದಳು.

"ರೀ. ಸೊಂಟ ನೋಯ್ತಿದೆಯಾ?"

"ಎಲ್ಲಿ? ಹಾಯಾಗಿದೆ."

ಕನ್ನಡಿಯಲ್ಲಿ ನೋಡಿದಳು. ಹಾಯಾಗಿದ್ದವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಇಳೀರಿ. ಇದು ಬೇಡ."

"ಅರ್ಧ ಗಂಟೆ ಆಗಿಲ್ಲ ಕಣೇ."

"ನಿಮ್ಮನ್ನ ಹಿಂದೆ ಹಾಕ್ಕೊಂಡು ಮತ್ತೆ ಆಂಬುಲೆನ್ಸ್ ಓಡಿಸೋಕೆ ನನ್ನ ಕೈಲಾಗಲ್ಲ."

"ಹಾಗಾದ್ರೆ ನೀನೊಬ್ಬಳೇ ಹೋಗಿ ಬಾ. ನಿಂಗೆ ಇದೇ ಇಷ್ಟ ಅಂತ ನಂಗೆ ಗೊತ್ತಾಗಲ್ವಾ? ನಾನು ಅಂಗಡಿ ನೋಡ್ಕೊಂಡು ಇರ್ತೀನಿ."

"ನೀವಿಲ್ದೆ ಆ ದೀಪಸ್ತಂಭ ಕಟ್ಕೊಂಡು ನಾನೇನು ಮಾಡ್ಲಿ?" ಎಂದಳು. ಅವರನ್ನು ಮೆಲ್ಲಗೆ ಇಳಿಸಿ, ತಾನೂ ಇಳಿದು, ಕೆಂಪು ಟ್ಯಾಂಕಿನ ಮೇಲೆ ಇಲ್ಲದ ಧೂಳನ್ನು ದುಪಟ್ಟಾದ ತುದಿಯಿಂದ ಒಮ್ಮೆ ಒರೆಸಿದಳು. ಆಮೇಲೆ ಮಾರಾಟಗಾರನ ಕಡೆ ತಿರುಗಿ, "ಬೂದು ಬಣ್ಣದ್ದೇ ಇರಲಿ, ಕಾಗದ ತನ್ನಿ," ಎಂದಳು.

ಅವನು ಕಾಗದ ತರುವಷ್ಟರಲ್ಲಿ ಅವಳ ಬೆನ್ನ ಹಿಂದೆ ಸರ್ರನೆ ಸದ್ದಾಯಿತು. ತಿರುಗಿ ನೋಡಿದರೆ, ಮೇಷ್ಟ್ರ ಕೈಯಲ್ಲಿ ರೆಕ್ಸಿನ್ ಕೊಯ್ಯುವ ಪುಟ್ಟ ಚಾಕು. ಕೆಂಪು ಬೈಕಿನ ಹಿಂದಿನ ಸೀಟು ಈ ತುದಿಯಿಂದ ಆ ತುದಿಗೆ ಬಾಯಿಬಿಟ್ಟುಕೊಂಡಿತ್ತು.

"ಸರ್, ಏನು ಮಾಡಿಬಿಟ್ರಿ," ಎಂದ ಮಾರಾಟಗಾರ, ಕೈಯಲ್ಲಿದ್ದ ಕಾಗದ ಜಾರಿದ್ದೂ ತಿಳಿಯದೆ. "ಇನ್ನು ಇದನ್ನ ಯಾರು ತಗೋತಾರೆ?"

"ನಾವೇ," ಎಂದರು ಮೇಷ್ಟ್ರು. ಸೀಳಿನೊಳಗೆ ಬೆರಳಿಟ್ಟು ಫೋಮ್ ಒತ್ತಿ ನೋಡುತ್ತಿದ್ದರು. "ಏನಪ್ಪಾ ಇದು, ಒಳಗೆ ಇಟ್ಟಿಗೆ ಇಟ್ಟಿದ್ದೀರಾ?" ಆಮೇಲೆ ಹೆಂಡತಿಯ ಮುಖ ನೋಡದೆಯೇ ಹೇಳಿದರು: "ಊರವರ ಸೊಂಟಕ್ಕೆಲ್ಲ ಸೀಟು ಹೊಲಿದಿದ್ದೀನಿ, ನನ್ನ ಸೊಂಟಕ್ಕೊಂದು ಹೊಲ್ಕೊಳ್ಳಲ್ವಾ? ಸ್ವಲ್ಪ ಅಗಲ ಮಾಡಿ, ಬೆನ್ನಿಗೊಂದು ದಿಂಬು ಕೊಟ್ರೆ ಮುಗೀತು. ನೀನು ಗಂಟೆಗೊಂದು ಸಲ ನಿಲ್ಲಿಸು, ಅಷ್ಟು ಸಾಕು."

ಅವಳಿಗೆ ಬೈಯಬೇಕೆನಿಸಿತು, ಆದರೆ ಬಂದದ್ದು ನಗು, ಅದರ ಹಿಂದೆಯೇ ಅಳು. ಮುಖ ಒರೆಸಿಕೊಂಡು ಕೇಳಿದಳು:

"ಆ ಗಂಟೆ ಮಧ್ಯದಲ್ಲೇ ನೋವು ಬಂದ್ರೆ?"

"ಹೇಳ್ತೀನಿ."

"ನೀವು? ಹೇಳ್ತೀರಾ?"

ಮೇಷ್ಟ್ರು ಚಾಕು ಮಡಚಿ ಜೇಬಿಗಿಟ್ಟುಕೊಂಡರು.

ಅವಳು ಮಾರಾಟಗಾರನನ್ನು ಹತ್ತಿರ ಕರೆದಳು.

"ಹೆಲ್ಮೆಟ್‌ಗೆ ಆ ಮೈಕ್ ಹಾಕಿಕೊಡಿ. ಇವರ ಮಾತು ನಿಂತ ಕಡೆ ನಾನು ಗಾಡಿ ನಿಲ್ಲಿಸ್ಬೇಕು."